ಕೌಂಟರ್ ಮುಚ್ಚೋ ಮುಂಚೆ ಇದನ್ನೊಂದ್ಸಲ ಓದಿ: ಎಲ್ಲಾನೂ ಆ್ಯಪ್‌ಗೆ ಹಾಕ್ತಿರೋರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಸರ್ಕಾರಿ ಇಲಾಖೆ ಆಗಿರ್ಲಿ, ಬ್ಯಾಂಕ್ ಆಗಿರ್ಲಿ, ಆಸ್ಪತ್ರೆ, ಇನ್ಶೂರೆನ್ಸ್, ಫೋನ್ ಕಂಪನಿ ಯಾವ್ದೇ ಆಗಿರ್ಲಿ, "ಇಂಥ ತಾರೀಖಿನಿಂದ ಈ ಸೇವೆ ಆನ್‌ಲೈನ್‌ನಲ್ಲಿ ಮಾತ್ರ ಲಭ್ಯ" ಅಂತ ಆದೇಶ ಹೊರಡಿಸೋ ಅಧಿಕಾರ ಇರೋ ಎಲ್ಲರಿಗೂ ಈ ಪತ್ರ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆಯೋಣ ಅಂದ್ರೆ ನಿಮ್ಮ ವಿಳಾಸ ಎಲ್ಲೂ ಸಿಗಲ್ಲ, ವೆಬ್‌ಸೈಟಿನ ಕೊನೇಲಿರೋ "ನಮ್ಮನ್ನು ಸಂಪರ್ಕಿಸಿ" ಒತ್ತಿದ್ರೆ ಅದು ತಿರುಗಾ ಪ್ರಶ್ನೋತ್ತರದ ಪುಟಕ್ಕೇ ಕರ್ಕೊಂಡು ಹೋಗತ್ತೆ, ಅದಕ್ಕೇ ಎಲ್ಲರ ಎದುರು ಬರೀತಿದೀನಿ.

ಕೇಳ್ಕೊಳ್ಳೋದು ಒಂದೇ. ನೀವು ಆ್ಯಪ್ ಮಾಡಿ, ಪೋರ್ಟಲ್ ಮಾಡಿ, ಎಐ ತನ್ನಿ, ಯಾವ್ದೂ ಬೇಡ ಅನ್ನಲ್ಲ, ಆದ್ರೆ ಕೌಂಟರ್ ಮುಚ್ಬೇಡಿ. ಒಬ್ಬ ಮನುಷ್ಯ ಕೂತಿರೋ, ಕಾಗದ ತಗೊಳ್ಳೋ, ನಮ್ಮ ಮಾತು ಪೂರ್ತಿ ಕೇಳಿ ತಾನೇ ಒಂದು ತೀರ್ಮಾನ ಮಾಡೋ ಅಧಿಕಾರ ಇರೋ ಒಂದು ಜಾಗ ಉಳಿಸಿ. ವಯಸ್ಸಾದೋರ ಮೇಲೆ ಕರುಣೆ ತೋರ್ಸಿ ಅಂತ ಕೇಳ್ತಿರೋದಲ್ಲ ಇದು. ಆ ಕೌಂಟರ್ ನಮಗೆ ಎಷ್ಟು ಬೇಕೋ ನಿಮಗೂ ಅಷ್ಟೇ ಬೇಕು. ಯಾಕೆ ಅಂತ ಹೇಳೋಕೆ ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಓದಿ.

2025ರ ಸೆಪ್ಟೆಂಬರ್ 26ರ ಸುದ್ದಿ ನಿಮಗೆ ನೆನಪಿರ್ಬೇಕು. ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಸೆಂಟರ್‌ನಲ್ಲಿ ಲಿಥಿಯಂ ಬ್ಯಾಟರಿಗಳನ್ನ ಬೇರೆ ಕಡೆಗೆ ಸಾಗಿಸೋ ಕೆಲಸ ನಡೀತಿದ್ದಾಗ ಬೆಂಕಿ ಹತ್ಕೊಂಡು, ಆ ಒಂದೇ ಘಟನೆಯಿಂದ 600ಕ್ಕೂ ಹೆಚ್ಚು ಸರ್ಕಾರಿ ಸಿಸ್ಟಮ್‌ಗಳು ನಿಂತೋದ್ವು. ಮೊಬೈಲ್ ಐಡಿ ಇಲ್ಲ, ಅಂಚೆ ಕಚೇರಿಯ ಬ್ಯಾಂಕಿಂಗ್ ಇಲ್ಲ, ಸರ್ಕಾರಿ ಇಮೇಲ್ ಇಲ್ಲ. ಇಂಟರ್ನೆಟ್ ವಿಷಯದಲ್ಲಿ ಪ್ರಪಂಚದಲ್ಲೇ ಮುಂದಿರೋ ದೇಶದ ಕಥೆ ಇದು. ನನ್ನನ್ನ ಅದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು: ಅಧಿಕಾರಿಗಳು ತಮ್ಮ ಫೈಲುಗಳನ್ನೆಲ್ಲ ಇಡ್ತಿದ್ದ ಜಿ-ಡ್ರೈವ್ ಅನ್ನೋ ಸಂಗ್ರಹ, 858 ಟೆರಾಬೈಟ್, ಪೂರ್ತಿ ಸುಟ್ಟೋಯ್ತು, ಅದಕ್ಕೆ ಹೊರಗೆಲ್ಲೂ ಬ್ಯಾಕಪ್ ಇರ್ಲಿಲ್ಲ. ಗಾತ್ರ ತುಂಬಾ ದೊಡ್ಡದು ಅಂತ ಬ್ಯಾಕಪ್ ಮಾಡಿರ್ಲಿಲ್ಲವಂತೆ. ಫೈಲುಗಳನ್ನ ನಿಮ್ಮ ಕಂಪ್ಯೂಟರಲ್ಲಿ ಇಟ್ಕೋಬೇಡಿ, ಅಲ್ಲೇ ಇಡಿ ಅಂತ ಹೇಳಿದ್ದನ್ನ ನಿಷ್ಠೆಯಿಂದ ಪಾಲಿಸಿದ ಇಲಾಖೆಗಳೇ ಜಾಸ್ತಿ ಕಳ್ಕೊಂಡ್ವು. ಎಂಟು ಹತ್ತು ವರ್ಷ ಕೂತು ಮಾಡಿದ ಕೆಲಸ ಕಣ್ಣೆದುರೇ ಇಲ್ಲದಂಗಾದಾಗ ಆ ಜನಕ್ಕೆ ಹೇಗಾಗಿರ್ಬೇಡ, ಯೋಚನೆ ಮಾಡಿ.

ಅದಕ್ಕೂ ಮುಂಚಿನ ವರ್ಷ, 2024ರ ಜುಲೈ 19, ಸೈಬರ್ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್. ಕಂಪ್ಯೂಟರ್‌ಗಳನ್ನ ಕಾಪಾಡೋಕೆ ಅಂತಾನೇ ಇದ್ದ ಸಾಫ್ಟ್‌ವೇರ್‌ಗೆ ಬಂದ ಒಂದು ತಪ್ಪು ಅಪ್‌ಡೇಟ್, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸ್ಕೊಂಡು ನಿಂತ್ಬಿಟ್ವು, ವಿಮಾನಗಳು ರದ್ದಾದ್ವು, ಆಸ್ಪತ್ರೆಗಳು ಆಪರೇಷನ್‌ಗಳನ್ನ ಮುಂದೂಡಿದ್ವು. ಮೈಕ್ರೋಸಾಫ್ಟ್ ಲೆಕ್ಕದ ಪ್ರಕಾರ ಅದು ಪ್ರಪಂಚದ ಎಲ್ಲಾ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ನೂರಕ್ಕೆ ಒಂದಕ್ಕಿಂತಲೂ ಕಡಿಮೆ, ಅಷ್ಟಕ್ಕೇ ಈ ಗತಿ. ಅವತ್ತು ಕೆಲವು ವಿಮಾನ ನಿಲ್ದಾಣಗಳಲ್ಲಿ ಸಿಬ್ಬಂದಿ ಬೋರ್ಡಿಂಗ್ ಪಾಸನ್ನ ಪೆನ್ನಲ್ಲಿ ಬರೆದು ಕೊಟ್ರು, ಆ ಫೋಟೋಗಳು ಎಲ್ಲಾ ಕಡೆ ಓಡಾಡಿದ್ವು, ಜನ ಅದನ್ನ ನೋಡಿ ಹಳೇ ಕಾಲಕ್ಕೆ ಹೋದಂಗಾಯ್ತು ಅಂದ್ರು. ನಂಗೆ ಅದರಲ್ಲಿ ಹಳೇ ಕಾಲ ಕಾಣ್ಲಿಲ್ಲ. ಖಾಲಿ ಬೋರ್ಡಿಂಗ್ ಪಾಸ್ ಎಲ್ಲಿಟ್ಟಿದೀವಿ, ಅದರಲ್ಲಿ ಏನೇನು ಬರೀಬೇಕು ಅಂತ ಗೊತ್ತಿರೋ ಮನುಷ್ಯರು ಆ ಕೌಂಟರಲ್ಲಿ ಇನ್ನೂ ಇದ್ರು, ಅದು ಕಾಣ್ತು. ಆ ಜನ ಅಲ್ಲಿ ಇಲ್ದಿದ್ರೆ ಆ ವಿಮಾನಗಳು ಏಳ್ತಿರ್ಲಿಲ್ಲ.

2022ರ ಜುಲೈ 8ಕ್ಕೆ ಕೆನಡಾದಲ್ಲಿ ರೋಜರ್ಸ್ ಅನ್ನೋ ಫೋನ್, ಇಂಟರ್ನೆಟ್ ಕಂಪನಿಯ ನೆಟ್‌ವರ್ಕ್ ಬಿದ್ದಾಗ ದೇಶದ ಡೆಬಿಟ್ ಕಾರ್ಡ್ ವ್ಯವಸ್ಥೆಯೂ ಜೊತೆಗೇ ನಿಂತ್ಹೋಗಿ, ಎಷ್ಟೋ ಜನಕ್ಕೆ ತುರ್ತು ನಂಬರ್ 911ಕ್ಕೂ ಕಾಲ್ ಹೋಗ್ಲಿಲ್ಲ. 2025ರ ಏಪ್ರಿಲ್ 28ಕ್ಕೆ ಸ್ಪೇನ್, ಪೋರ್ಚುಗಲ್ ಎರಡೂ ಕಡೆ ಕರೆಂಟ್ ಹೋದಾಗ ಜನ ಬ್ಯಾಟರಿ ರೇಡಿಯೋ ಹುಡುಕ್ಕೊಂಡು ಓಡಿದ್ರು, ಎಷ್ಟೋ ಅಂಗಡಿಗಳಲ್ಲಿ ಜೇಬಲ್ಲಿ ನೋಟು ಇದ್ದೋರಿಗೆ ಮಾತ್ರ ಸಾಮಾನು ಸಿಕ್ತು. ಇನ್ನೊಂದು ವಿಷಯ ಹೇಳ್ತೀನಿ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಹಳೇ ತಾಮ್ರದ ತಂತಿಯ ಲ್ಯಾಂಡ್‌ಲೈನ್ ಫೋನಿಗೆ ಮನೆ ಕರೆಂಟೇ ಬೇಕಿರ್ಲಿಲ್ಲ, ಎಕ್ಸ್‌ಚೇಂಜಲ್ಲಿರೋ ಬ್ಯಾಟರಿಯಿಂದ ಅದೇ ತಂತಿಯಲ್ಲಿ 48 ವೋಲ್ಟ್ ಬರ್ತಿತ್ತು, ಊರೆಲ್ಲ ಕತ್ತಲಾದ್ರೂ ಫೋನ್ ಹೊಡ್ಕೊಳ್ತಿತ್ತು. ಈಗಿನ ಇಂಟರ್ನೆಟ್ ಫೋನ್ ರೌಟರ್ ಆಫ್ ಆದ ತಕ್ಷಣ ಆಫ್. ಆ ಹಳೇ ಫೋನ್ ವ್ಯವಸ್ಥೆ ಕಟ್ಟಿದ ಇಂಜಿನಿಯರ್‌ಗಳು ಕೆಟ್ಟ ದಿನವೂ ಒಂದು ಬರತ್ತೆ ಅಂತ ಲೆಕ್ಕ ಹಾಕಿ ಕಟ್ಟಿದ್ರು, ಈಗಿನ ಸೇವೆಗಳನ್ನ ಎಲ್ಲಾ ಸರಿ ಇರೋ ದಿನಕ್ಕೆ ಮಾತ್ರ ಅಂತ ಕಟ್ತಿದೀವಿ.

ಇವೆಲ್ಲಾ ಪೇಪರಲ್ಲಿ ಬರೋ ದೊಡ್ಡ ಸುದ್ದಿಗಳು. ಆದ್ರೆ ಒಬ್ಬೊಬ್ಬ ಮನುಷ್ಯನ ಬದುಕಲ್ಲೂ ಸಿಸ್ಟಮ್ ಡೌನ್ ಆಗತ್ತಲ್ಲ, ಅದು ಸುದ್ದಿ ಆಗಲ್ಲ. ಫೋನ್ ಬಿದ್ದು ಪರದೆ ಒಡೆದೋಗತ್ತೆ. ಸಿಮ್ ಬ್ಲಾಕ್ ಆಗತ್ತೆ. ನಿಮ್ಮ ಆ್ಯಪ್ ಅಪ್‌ಡೇಟ್ ಆದ ಮರುದಿನ "ನಿಮ್ಮ ಸಾಧನ ಬೆಂಬಲಿತವಲ್ಲ" ಅಂತ ಬರತ್ತೆ, ಚೆನ್ನಾಗೇ ಓಡ್ತಿರೋ ಫೋನು ಅದು, ಆದ್ರೂ ಹೊಸಾದು ತಗೊಳ್ಳೋವರೆಗೂ ಆ ಮನುಷ್ಯನಿಗೆ ತನ್ನ ದುಡ್ಡೇ ಸಿಗಲ್ಲ. ವಯಸ್ಸಾಗ್ತಾ ಬೆರಳಿನ ಗೆರೆ ಸವೆದು ಸ್ಕ್ಯಾನರ್ ಗುರುತು ಹಿಡಿಯಲ್ಲ, ಕೈಕೆಲಸ ಮಾಡೋರಿಗೂ ಅದೇ ಪಾಡು, ಕೈ ನಡುಗೋರಿಗೆ ಆ ಚಿಕ್ಕ ಚೌಕದೊಳಗೆ ಮುಟ್ಟೋದೇ ಆಗಲ್ಲ. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2025ರ ಅಂದಾಜಿನ ಪ್ರಕಾರ ಪ್ರಪಂಚದಲ್ಲಿ ಇನ್ನೂ ಸುಮಾರು 220 ಕೋಟಿ ಜನ ಇಂಟರ್ನೆಟ್ ಬಳಸ್ತಿಲ್ಲ. ಆದ್ರೆ ನಾನು ಹೇಳ್ತಿರೋದು ಅವರದ್ದು ಮಾತ್ರ ಅಲ್ಲ. ದಿನಾ ಹತ್ತು ಆ್ಯಪ್ ಬಳಸೋ, ಎಲ್ಲಾ ಗೊತ್ತಿರೋ ಯುವಕನೂ ಆಸ್ಪತ್ರೆ ಬೆಡ್ ಮೇಲೆ ಕೈಗೆ ಡ್ರಿಪ್ ಹಾಕಿಸ್ಕೊಂಡು ಮಲಗಿರೋವಾಗ ಆಫ್‌ಲೈನೇ.

ನಮ್ಮ ದೊಡ್ಡಪ್ಪ ತೀರ್ಕೊಂಡಾಗ ಅವರ ಹೆಸರಲ್ಲಿದ್ದ ಒಂದು ಸೇವೆಯನ್ನ ದೊಡ್ಡಮ್ಮನ ಹೆಸರಿಗೆ ಮಾಡ್ಸೋ ಕೆಲಸ ನನ್ನ ಪಾಲಿಗೆ ಬಂತು. ಆ ಸಂಸ್ಥೆಯ ಹೆಸರು ಬೇಡ, ಎಲ್ಲಾ ಕಡೆನೂ ಹೀಗೇ. ಕಾಲ್ ಮಾಡಿದ್ರೆ ಒಂದು ಒತ್ತಿ, ಎರಡು ಒತ್ತಿ ಅಂತ ಇರೋ ಆ ಪಟ್ಟೀಲಿ "ಖಾತೆದಾರರು ತೀರಿಕೊಂಡಿದ್ದಾರೆ" ಅನ್ನೋದಕ್ಕೆ ನಂಬರೇ ಇಲ್ಲ. ಆ್ಯಪಲ್ಲಿ ಹೆಸರು ಬದಲಾವಣೆಗೆ ಹೋದ್ರೆ ಖಾತೆದಾರರ ಫೋನಿಗೆ ಓಟಿಪಿ ಕಳಿಸಿದೀವಿ ಅಂತ ಬಂತು, ಆ ಫೋನು ತೆಗೆಯೋಕೆ ದೊಡ್ಡಪ್ಪನ ಬೆರಳೇ ಬೇಕಿತ್ತು. ಬೇರೆ ವಿಧಾನ ಅಂತ ಒತ್ತಿದೆ, "ಖಾತೆದಾರರು ಕ್ಯಾಮೆರಾ ಮುಂದೆ ಕೂತು ಕಣ್ಣು ಮಿಟುಕಿಸಿ" ಅಂತ ಬಂತು. ಪಕ್ಕದಲ್ಲಿ ಕೂತಿದ್ದ ದೊಡ್ಡಮ್ಮ ಅದನ್ನ ಓದಿ ಎದ್ದು ಒಳಗೆ ಹೋದ್ರು. ಆ ಸಾಲು ಬರೆದೋರಿಗೆ ಯಾರನ್ನೂ ನೋಯಿಸೋ ಉದ್ದೇಶ ಖಂಡಿತ ಇರ್ಲಿಲ್ಲ, ಆದ್ರೆ ಸಾವು ಅನ್ನೋದು ಎಲ್ಲರ ಮನೇಲೂ ಆಗತ್ತೆ, ಅಷ್ಟು ಮಾಮೂಲಿ ವಿಷಯಕ್ಕೆ ಇಡೀ ಸಿಸ್ಟಮ್‌ನಲ್ಲಿ ಜಾಗ ಇಲ್ಲ ಅಂದ್ರೆ ಅದನ್ನ ಪರೀಕ್ಷೆ ಮಾಡಿದೋರು ಯಾರು? ಕೊನೆಗೆ ಎಲ್ಲೆಲ್ಲೋ ಕೇಳಿ ಅವರದೇ ಒಂದು ಕಚೇರಿ ಹುಡುಕಿದ್ವಿ, ಅಲ್ಲಿದ್ದ ಮೇಡಂ ಒಬ್ಬರು ಮರಣ ಪ್ರಮಾಣಪತ್ರದ ಜೆರಾಕ್ಸ್ ತಗೊಂಡು, ದೊಡ್ಡಮ್ಮನ್ನ ಕೂರಿಸಿ ನೀರು ಕೊಟ್ಟು, ಬಿಳಿ ಹಾಳೇಲಿ ಅರ್ಜಿ ಬರೆಸಿ, ಸೀಲ್ ಹಾಕಿ ಕಳಿಸಿದ್ರು. ಕೆಲಸ ಆಯ್ತು. ಆ ಕಚೇರಿಯನ್ನೂ ಮುಚ್ತಾರಂತೆ.

ಈಗ ಚಾಟ್‌ಬಾಟ್ ಬಂದಿದೆಯಲ್ಲ, ಕನ್ನಡದಲ್ಲೂ ಮಾತಾಡತ್ತೆ, ಎಲ್ಲದಕ್ಕೂ ಉತ್ತರ ಕೊಡತ್ತೆ ಅಂತೀರಿ. ಕೊಡತ್ತೆ, ನಿಜ. ಎಷ್ಟೋ ಸಣ್ಣಪುಟ್ಟ ಪ್ರಶ್ನೆಗಳಿಗೆ ರಾತ್ರಿ ಎರಡು ಗಂಟೇಲೂ ಉತ್ತರ ಸಿಗೋದು ಒಳ್ಳೇದೇ. ಆದ್ರೆ ಏರ್ ಕೆನಡಾ ಪ್ರಕರಣ ಓದಿದೀರಾ? ಅಜ್ಜಿ ತೀರ್ಕೊಂಡಿದ್ದ ಪ್ರಯಾಣಿಕರೊಬ್ಬರಿಗೆ ಅವರ ವೆಬ್‌ಸೈಟಿನ ಚಾಟ್‌ಬಾಟ್, ಈಗ ಪೂರ್ತಿ ದುಡ್ಡು ಕೊಟ್ಟು ಹೋಗಿ, ಸಾವಿನ ಕಾರಣಕ್ಕೆ ಸಿಗೋ ರಿಯಾಯಿತಿಗೆ ಆಮೇಲೆ ಅರ್ಜಿ ಹಾಕ್ಬಹುದು ಅಂತ ಹೇಳ್ತು. ಹಾಗೆ ಅರ್ಜಿ ಹಾಕಿದ್ರೆ ಕಂಪನಿ ಆಗಲ್ಲ ಅಂತು. ವಿಷಯ ನ್ಯಾಯಮಂಡಳಿಗೆ ಹೋದಾಗ ಕಂಪನಿ ಮಾಡಿದ ವಾದ ಏನು ಗೊತ್ತಾ, ಚಾಟ್‌ಬಾಟ್ ಹೇಳಿದ್ದಕ್ಕೆ ನಾವು ಜವಾಬ್ದಾರರಲ್ಲ, ಅದರ ಮಾತಿಗೆ ಅದೇ ಹೊಣೆ ಅನ್ನೋ ಅರ್ಥದ್ದು. 2024ರ ಫೆಬ್ರವರಿಯಲ್ಲಿ ನ್ಯಾಯಮಂಡಳಿ ಅದನ್ನ ತಳ್ಳಿಹಾಕಿ ಪ್ರಯಾಣಿಕರ ಪರ ತೀರ್ಪು ಕೊಡ್ತು. ಅದೇ ತಿಂಗಳು ಕ್ಲಾರ್ನಾ ಅನ್ನೋ ಪೇಮೆಂಟ್ ಕಂಪನಿ ನಮ್ಮ ಎಐ 700 ಜನ ಮಾಡೋ ಕಸ್ಟಮರ್ ಕೇರ್ ಕೆಲಸ ಮಾಡ್ತಿದೆ ಅಂತ ಘೋಷಣೆ ಮಾಡಿತ್ತು, 2025ರ ಮೇ ತಿಂಗಳಿಗೆ ಅದೇ ಕಂಪನಿಯ ಮುಖ್ಯಸ್ಥರು ಗುಣಮಟ್ಟ ಕಮ್ಮಿ ಆಯ್ತು, ಬೇಕು ಅಂದೋರಿಗೆ ಮನುಷ್ಯ ಸಿಗೋ ಹಾಗೆ ಇರ್ಬೇಕು ಅಂತ ಮತ್ತೆ ಜನರನ್ನ ತಗೊಳ್ಳೋಕೆ ಹೊರಟ್ರು. ಅವರಿಗೆ ಅರ್ಥ ಆಗಿದ್ದು ನಿಮಗೂ ಅರ್ಥ ಆಗ್ಲಿ ಅನ್ನೋದೇ ನನ್ನ ಆಸೆ.

ಇನ್ನು ನಾನು ಮುಖ್ಯವಾಗಿ ಹೇಳ್ಬೇಕಾಗಿರೋದು. ಕೌಂಟರ್ ಅನ್ನೋದು ಸೇವೆ ಕೊಡೋ ಜಾಗ ಅಷ್ಟೇ ಅಲ್ಲ, ನಿಮ್ಮ ಸಿಸ್ಟಮ್ ಎಲ್ಲಿ ತಪ್ಪಿದೆ ಅಂತ ನಿಮಗೆ ಗೊತ್ತಾಗೋ ಜಾಗ. ಫಾರಂನಲ್ಲಿ ಇಲ್ಲದೇ ಇರೋ ಕಷ್ಟ ಹೊತ್ಕೊಂಡು ಬಂದ ಮನುಷ್ಯ ಅಲ್ಲಿ ನಿಂತು ಬಾಯ್ಬಿಟ್ಟು ಹೇಳ್ತಾನೆ, ಕೇಳಿಸ್ಕೊಂಡೋರು ಒಳಗೆ ಹೋಗಿ "ಸಾರ್, ಇವತ್ತು ಇದೇ ಥರ ಇನ್ನೊಂದು ಬಂತು" ಅಂತಾರೆ, ಆಗ ನಿಮಗೆ ಒಂದು ಲೋಪ ಇದೆ ಅಂತ ಗೊತ್ತಾಗತ್ತೆ. ಆ್ಯಪಲ್ಲಿ ಆ ಮನುಷ್ಯ ಎಲ್ಲೋ ಮೂರನೇ ಪುಟದಲ್ಲಿ ಸಿಕ್ಕಾಕ್ಕೊಂಡು ಬಿಟ್ಟು ಹೋಗ್ತಾನೆ, ನಿಮ್ಮ ಡ್ಯಾಶ್‌ಬೋರ್ಡಲ್ಲಿ ಅದು ದೂರು ಅಂತ ಕಾಣೋದೇ ಇಲ್ಲ, ಅರ್ಧಕ್ಕೆ ಬಿಟ್ಟು ಹೋದೋರು ಅಂತ ಒಂದು ಅಂಕಿ ಅಷ್ಟೇ.

ಬ್ರಿಟನ್ನಿನ ಅಂಚೆ ಕಚೇರಿಗಳ ಹೊರೈಜನ್ ಕಥೆ ಇದಕ್ಕೆ ಸಾಕ್ಷಿ. 1999ರಿಂದ ಆ ದೇಶದ ಅಂಚೆ ಕಚೇರಿಗಳಿಗೆ ಫುಜಿತ್ಸು ಕಂಪನಿಯ ಹೊರೈಜನ್ ಅನ್ನೋ ಲೆಕ್ಕದ ಸಾಫ್ಟ್‌ವೇರ್ ಬಂತು. ಅದು ದಿನದ ಕೊನೇಲಿ ಇಷ್ಟು ದುಡ್ಡು ಕಮ್ಮಿ ಇದೆ ಅಂತ ತೋರಿಸೋದು, ನಿಜವಾಗಿ ಕಮ್ಮಿ ಇರ್ತಿರ್ಲಿಲ್ಲ, ಸಾಫ್ಟ್‌ವೇರಲ್ಲೇ ದೋಷ. ಊರೂರಲ್ಲಿ ಅಂಚೆ ಕಚೇರಿ ನಡೆಸ್ತಿದ್ದ ಸಾಮಾನ್ಯ ಜನ ತಮ್ಮ ಕೈಯಿಂದ ತುಂಬಿದ್ರು, ಸಾಲ ಮಾಡಿದ್ರು, ಹೆಲ್ಪ್‌ಲೈನ್‌ಗೆ ಕಾಲ್ ಮಾಡಿದ್ರು. ಎಷ್ಟೋ ಜನಕ್ಕೆ ಅಲ್ಲಿಂದ ಬಂದ ಉತ್ತರ, ಬೇರೆ ಯಾರಿಗೂ ಈ ಸಮಸ್ಯೆ ಇಲ್ಲ, ನಿಮಗೊಬ್ಬರಿಗೇ ಅಂತ. ನಮ್ಮಲ್ಲೇ ಏನೋ ತಪ್ಪಿರ್ಬೇಕು ಅಂತ ಒಬ್ಬೊಬ್ಬರೇ ಒಳಗೊಳಗೇ ಬೆಂದ್ರು. 2015ರವರೆಗೆ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕ ಅಂತ ಅಪರಾಧಿಗಳಾದ್ರು, ಕೆಲವರು ಜೈಲಿಗೂ ಹೋದ್ರು. ಕಂಪ್ಯೂಟರ್ ಸರಿಯಾಗೇ ಕೆಲಸ ಮಾಡತ್ತೆ ಅಂತ ಕೋರ್ಟು ಮೊದಲೇ ಒಪ್ಕೊಂಡಿರೋದು, ತಪ್ಪಿದೆ ಅಂತ ತೋರಿಸ್ಬೇಕಾಗಿದ್ದು ಆರೋಪಿಗಳು. 2019ರಲ್ಲಿ ಹೈಕೋರ್ಟು ಸಾಫ್ಟ್‌ವೇರಲ್ಲಿ ದೋಷ ಇದ್ದಿದ್ದು ಹೌದು ಅಂತು, 2024ರಲ್ಲಿ ಶಿಕ್ಷೆಗಳನ್ನ ಒಟ್ಟಿಗೇ ರದ್ದು ಮಾಡೋಕೆ ಸಂಸತ್ತು ಕಾನೂನೇ ತರ್ಬೇಕಾಯ್ತು. 13 ಜನ ಈ ಕಾರಣಕ್ಕೆ ಪ್ರಾಣ ಕಳ್ಕೊಂಡಿರ್ಬಹುದು ಅಂತ 2025ರ ವಿಚಾರಣಾ ವರದಿಯಲ್ಲಿದೆ.

ಇಲ್ಲಿ ಗಮನಿಸ್ಬೇಕಾದ್ದು, ಹೆಲ್ಪ್‌ಲೈನ್‌ನಲ್ಲಿ ಮಾತಾಡಿದ್ದು ಮನುಷ್ಯರೇ. ಆದ್ರೆ ಅವರಿಗೆ ಸಿಸ್ಟಮ್ ಹೇಳಿದ್ದನ್ನ ಅನುಮಾನಿಸೋ ಅಧಿಕಾರ ಇರ್ಲಿಲ್ಲ. ಅದಕ್ಕೇ ನಾನು ಬರೀ ಮನುಷ್ಯ ಕೊಡಿ ಅಂತ ಕೇಳ್ತಿಲ್ಲ. ಈಗ ಎಷ್ಟೋ ಕಡೆ ಕೌಂಟರ್ ಹೆಸರಿಗಿದೆ, ಹೋಗಿ ನಿಂತ್ರೆ ಅಲ್ಲಿರೋರು "ಸಿಸ್ಟಮ್ ತಗೋತಿಲ್ಲ, ನಾವೇನ್ಮಾಡೋಕಾಗಲ್ಲ, ಆ್ಯಪಲ್ಲೇ ಹಾಕಿ" ಅಂತಾರೆ. ಅವರ ಮೇಲೆ ನಂಗೆ ಕೋಪ ಇಲ್ಲ. ಅವರ ಕೈ ಕಟ್ಟಿರೋದು ನೀವು. ಎದುರಿಗಿರೋ ಮುದುಕಿಯ ಬೆರಳು ಸ್ಕ್ಯಾನ್ ಆಗ್ತಿಲ್ಲ, ಆದ್ರೆ ಈಕೆ ಈಕೆಯೇ ಅಂತ ಕಣ್ಣಾರೆ ಕಾಣ್ತಿದೆ, ಹತ್ತು ವರ್ಷದಿಂದ ಪರಿಚಯ ಇದೆ, ಆದ್ರೂ "ಹೌದು" ಅಂತ ಬರೆದು ಸಹಿ ಹಾಕೋಕೆ ಒಂದು ಜಾಗ ಇಲ್ಲ. ಆ ಜಾಗ ಕೊಡಿ. ದುರುಪಯೋಗ ಆಗತ್ತೆ ಅಂತ ಹೆದರಿಕೆ ಇದ್ರೆ ಸಹಿ ಹಾಕಿದೋರ ಹೆಸರು, ಕಾರಣ ಎರಡೂ ದಾಖಲಾಗ್ಲಿ, ಮೇಲಿನವರು ಪರಿಶೀಲನೆ ಮಾಡ್ಲಿ. ಹಾಗೇ ಮಾಡ್ತಿದ್ರಲ್ಲ ಇಷ್ಟು ವರ್ಷ.

ಉಳಿತಾಯದ ಮಾತು ಬರತ್ತೆ ಅಂತ ಗೊತ್ತು. ಕೌಂಟರ್ ಮುಚ್ಚಿದ್ರೆ ಬಾಡಿಗೆ ಉಳೀತು, ಸಂಬಳ ಉಳೀತು ಅಂತ ನಿಮ್ಮ ವರದೀಲಿ ಬರತ್ತೆ. ಆದ್ರೆ ಕೆಲಸ ಎಲ್ಲಿಗೆ ಹೋಯ್ತು? ಪ್ರತಿ ಮನೇಲೂ ಒಬ್ಬ ಮಗ, ಒಬ್ಬ ಸೊಸೆ, ಒಬ್ಬ ಮೊಮ್ಮಗಳು ಸಂಬಳ ಇಲ್ಲದ ಗುಮಾಸ್ತರಾಗಿದಾರೆ. ಆಫೀಸಿಂದ ಬಂದು ಊಟ ಮಾಡೋ ಮುಂಚೆ ಅಪ್ಪನ ಪಾಸ್‌ವರ್ಡ್ ರಿಸೆಟ್, ಅತ್ತೆಯ ಲೈಫ್ ಸರ್ಟಿಫಿಕೇಟ್, ಪಕ್ಕದ ಮನೆಯೋರ ಬಿಲ್ಲು. ಅಂಥ ಮಕ್ಕಳು ಹತ್ತಿರ ಇಲ್ಲದೇ ಇರೋರು ಏನ್ಮಾಡ್ತಾರೆ ಅಂದ್ರೆ ಸಿಕ್ಕ ಸಿಕ್ಕೋರ ಕೈಗೆ ಫೋನ್ ಕೊಟ್ಟು "ಇದೊಂದು ಮಾಡ್ಕೊಡಪ್ಪ" ಅಂತಾರೆ, ಬಂದ ಓಟಿಪಿಯನ್ನ ಜೋರಾಗಿ ಓದಿ ಹೇಳ್ತಾರೆ. ಒಂದ್ಕಡೆ ನೀವೇ ಓಟಿಪಿ ಯಾರಿಗೂ ಹೇಳ್ಬೇಡಿ ಅಂತ ದಿನಾ ಮೆಸೇಜ್ ಕಳಿಸ್ತೀರಿ, ಇನ್ನೊಂದ್ಕಡೆ ಹೇಳದೇ ಇದ್ರೆ ಕೆಲಸವೇ ಆಗದಂಥ ವ್ಯವಸ್ಥೆ ಮಾಡಿದೀರಿ. ಮೋಸ ಮಾಡೋರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಾ? ನಾಳೆ ಆ ಮುದುಕರ ದುಡ್ಡು ಹೋದ್ರೆ ಅದು ಯಾವ ಉಳಿತಾಯದ ಲೆಕ್ಕಕ್ಕೆ ಬರತ್ತೆ?

ನಾನು ಟೆಕ್ನಾಲಜಿ ಬೇಡ ಅನ್ನೋ ಪೈಕಿ ಅಲ್ಲ, ಇದನ್ನ ಒತ್ತಿ ಹೇಳ್ಬೇಕು. ಕಣ್ಣು ಕಾಣದ ಗೆಳೆಯನೊಬ್ಬ ಪರದೆ ಮೇಲಿರೋದನ್ನ ಓದಿ ಹೇಳೋ ಸ್ಕ್ರೀನ್ ರೀಡರ್ ಹಾಕ್ಕೊಂಡು ಯಾರ ಸಹಾಯನೂ ಇಲ್ಲದೇ ತನ್ನ ಬ್ಯಾಂಕ್ ಕೆಲಸ ತಾನೇ ಮಾಡ್ಕೊಳ್ಳೋದು ನೋಡಿದೀನಿ, ಅವನ ಮುಖದಲ್ಲಿರೋ ಸಮಾಧಾನ ನೋಡಿದೀನಿ. ಕೌಂಟರ್ ಮಾತ್ರ ಇದ್ದಾಗ ಅವನು ಯಾರನ್ನೋ ಬೇಡ್ಬೇಕಿತ್ತು. ಅವನಿಗೆ ಆ್ಯಪ್ ಬೇಕು, ದೊಡ್ಡಮ್ಮನಿಗೆ ಕೌಂಟರ್ ಬೇಕು, ಮತ್ತೆ ಅದೇ ಗೆಳೆಯನ ಆ್ಯಪ್ ಒಂದು ಅಪ್‌ಡೇಟ್ ಆದ್ಮೇಲೆ ಬಟನ್‌ಗಳ ಹೆಸರು ಓದೋದು ನಿಲ್ಲಿಸಿದಾಗ ಅವನಿಗೂ ಕೌಂಟರ್ ಬೇಕಾಯ್ತು.

ಇದು ಆಗದ ಕೆಲಸ ಅಂತ ಹೇಳ್ಬೇಡಿ, ಮಾಡಿರೋರು ಇದಾರೆ. ನಾರ್ವೆ ದೇಶದಲ್ಲಿ ಹೆಚ್ಚೂ ಕಮ್ಮಿ ಎಲ್ಲರೂ ಕಾರ್ಡ್, ಫೋನಲ್ಲೇ ದುಡ್ಡು ಕೊಡೋದು, ಆದ್ರೂ 2024ರ ಅಕ್ಟೋಬರ್ 1ರಿಂದ ಸಿಬ್ಬಂದಿ ಇರೋ ಅಂಗಡಿಗಳಲ್ಲಿ ಗ್ರಾಹಕರು ನೋಟು ಕೊಡೋ ಹಕ್ಕನ್ನ ಕಾನೂನಲ್ಲಿ ಗಟ್ಟಿ ಮಾಡಿದ್ರು. ಸ್ವೀಡನ್ 2024ರ ನವೆಂಬರಲ್ಲಿ ಮನೆಮನೆಗೆ ಕಳಿಸಿದ ತುರ್ತು ಸಿದ್ಧತೆಯ ಕೈಪಿಡೀಲಿ ಒಂದಿಷ್ಟು ನಗದು ಇಟ್ಕೊಳ್ಳಿ ಅಂತ ಬರೆದಿತ್ತು. ಸ್ವಿಟ್ಜರ್ಲೆಂಡಿನ ಜಿನೀವಾ ಪ್ರಾಂತ್ಯದಲ್ಲಿ 2023ರ ಜೂನಲ್ಲಿ ಜನ ವೋಟ್ ಹಾಕಿ ತಮ್ಮ ಸಂವಿಧಾನಕ್ಕೆ ಆಫ್‌ಲೈನ್ ಬದುಕಿನ ಹಕ್ಕನ್ನ ಸೇರಿಸಿದ್ರು, ಪರವಾಗಿ ಬಿದ್ದ ಮತ ಶೇಕಡ 94. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರೋ ಜಿಡಿಪಿಆರ್ ಅನ್ನೋ ಡೇಟಾ ರಕ್ಷಣೆ ಕಾನೂನಿನ 22ನೇ ವಿಧಿ, ಬರೀ ಯಂತ್ರವೇ ಮಾಡಿದ ದೊಡ್ಡ ತೀರ್ಮಾನಗಳ ವಿಷಯದಲ್ಲಿ ಮನುಷ್ಯನೊಬ್ಬ ಮಧ್ಯೆ ಬರ್ಬೇಕು ಅಂತ ಕೇಳೋ ಅವಕಾಶ ಕೊಡತ್ತೆ. ಟೆಕ್ನಾಲಜೀಲಿ ಹಿಂದೆ ಬಿದ್ದಿರೋ ಜಾಗಗಳಾ ಇವು? ಎಲ್ಲಾನೂ ಆನ್‌ಲೈನ್ ಮಾಡಿದ್ರೆ ಏನು ಅಪಾಯ ಅಂತ ಯೋಚನೆ ಮಾಡಿ ಈ ನಿರ್ಧಾರಕ್ಕೆ ಬಂದೋರು.

ಹಾಗಾಗಿ ಕೇಳ್ತೀನಿ. ವರ್ಷಕ್ಕೊಂದು ದಿನ, ಬೇಕಾದ್ರೆ ಅರ್ಧ ದಿನ, ನಿಮ್ಮ ಸಿಸ್ಟಮನ್ನ ಬೇಕಂತಲೇ ಆಫ್ ಮಾಡಿ ಕಾಗದ ಪೆನ್ನಲ್ಲಿ ಕೆಲಸ ನಡೆಸಿ ನೋಡಿ, ಯಾವ ಫಾರಂ ಇಲ್ಲ, ಯಾವ ಕೀಲಿ ಯಾರ ಹತ್ರ ಇದೆ, ಎಲ್ಲಾ ಅವತ್ತೇ ಗೊತ್ತಾಗತ್ತೆ, ಬೆಂಕಿ ಬಿದ್ದ ದಿನ ಗೊತ್ತಾಗೋದಕ್ಕಿಂತ ವಾಸಿ. ಕಾಲ್ ಮಾಡಿದಾಗ ಮನುಷ್ಯರ ಹತ್ರ ಮಾತಾಡ್ಬೇಕು ಅನ್ನೋ ಆಯ್ಕೆ ಮೊದಲನೇ ಪಟ್ಟೀಲೇ ಇರ್ಲಿ. ಫೋನು, ಮುಖ, ಬೆರಳು ಮೂರೂ ಇಲ್ಲದೇನೇ ತಾನು ಯಾರು ಅಂತ ತೋರಿಸೋಕೆ ನಾಲ್ಕನೇ ದಾರಿ ಒಂದಿರ್ಲಿ, ಅದನ್ನ ಎಲ್ಲರಿಗೂ ಕಾಣೋ ಹಾಗೆ ಬರೆದು ಹಾಕಿ.

ಇನ್ನೊಂದು ಮಾಹಿತಿ ನಿಮ್ಮಿಂದ ಬೇಕು. ಕಳೆದ ವರ್ಷ ನಿಮಗೆ ಬಂದ ದೂರುಗಳಲ್ಲಿ ಒಬ್ಬ ಮನುಷ್ಯನೂ ಓದದೇನೇ "ಪರಿಹರಿಸಲಾಗಿದೆ" ಅಂತ ಮುಚ್ಚಿಹೋದವು ಎಷ್ಟು? ಆ ಲೆಕ್ಕ ನಿಮ್ಮ ಸರ್ವರಲ್ಲಿ ಇದ್ದೇ ಇರತ್ತೆ. ಅದನ್ನ ವಾರ್ಷಿಕ ವರದೀಲಿ ಉಳಿತಾಯದ ಅಂಕಿ ಪಕ್ಕದಲ್ಲೇ ಅಚ್ಚು ಹಾಕಿಸಿ, ಬರೋ ವರದೀಲಿ ನಾವು ಅದನ್ನೇ ಮೊದಲು ಹುಡುಕ್ತೀವಿ.

ಇಂತಿ,
ನಿಮ್ಮ ಸೇವೆಗಳನ್ನ ದಿನಾ ಬಳಸೋ ಒಬ್ಬ ನಾಗರಿಕ